ಗೋಡೆಗೆ ಹಚ್ಚಿದ ಗಾಜು

ಆ ಮನೆಯ ಸೊಸೆಗೆ ಫೋನಿನಲ್ಲಿ ಮೂರು ಗಂಟಲು. ರೂಮು ಬೇಕೆಂದು ಯಾರಾದರೂ ಫೋನು ಮಾಡಿದರೆ ಮೊದಲು ಎತ್ತುವವಳು ಜೇನು ಸವರಿದ ದನಿಯ ರಿಸೆಪ್ಷನ್ ಹುಡುಗಿ. ಬಾಡಿಗೆ ಸ್ವಲ್ಪ ಇಳಿಸಿ ಎಂದರೆ "ಒಂದು ನಿಮಿಷ, ಮ್ಯಾನೇಜರ್ ಮೇಡಂಗೆ ಕೊಡ್ತೀನಿ" ಎಂದು ಫೋನನ್ನು ಬಲಗಿವಿಯಿಂದ ಎಡಗಿವಿಗೆ ದಾಟಿಸಿ, ಮೂಗಿನಿಂದ ಮಾತಾಡುವ ಮ್ಯಾನೇಜರ್ ಆಗಿಬಿಡುತ್ತಿದ್ದಳು. ಬಿಸಿನೀರು ಬರುತ್ತಿಲ್ಲವೆಂದು ಮೇಲಿನ ರೂಮಿನವರು ಕರೆದರೆ ಗಡಸು ಗಂಟಲಿನ ಹೌಸ್‌ಕೀಪಿಂಗ್ ಹಾಜರು. ಮೂವರೂ ಒಂದೇ ಅಡುಗೆಮನೆಯಲ್ಲಿ, ಒಂದೇ ಸೊಂಟಕ್ಕೆ ಒಂದೇ ಟವೆಲು ಸಿಕ್ಕಿಸಿಕೊಂಡು, ಆಲೂಗಡ್ಡೆ ಹೆಚ್ಚುತ್ತ ನಿಂತಿರುತ್ತಿದ್ದರು.

"ಇಷ್ಟೊಂದು ಸ್ಟಾಫ್ ಇಟ್ಕೊಂಡು ಒಬ್ಬರಿಗೂ ಸಂಬಳ ಕೊಡಲ್ವಲ್ಲ ನಿನ್ನ ಗಂಡ!" ಎಂದು ಅತ್ತೆ ನಗುತ್ತಿದ್ದರು.

ಹತ್ತು ವರ್ಷದ ಹಿಂದೆ ಮನೆಯ ಮುಂದೆ ಕಾಣುತ್ತಿದ್ದದ್ದು ಕೆರೆ. ಮೊದಲ ಹೋಟೆಲು ಬಂದ ವರ್ಷ ಅದು ಸರೋವರವಾಯಿತು. ನೀರು ಅಷ್ಟೇ ಇತ್ತು, ಬಾಡಿಗೆ ಏರಿತು. ಸುತ್ತಲಿನ ಗುಡ್ಡಗಳಿಗೂ ಬಡ್ತಿ ಸಿಕ್ಕಿ ಗಿರಿಗಳಾದವು. ನೋಟಕ್ಕೆ ನೋಟು ಎಂಬ ಹೊಸ ವ್ಯಾಪಾರ ಊರಿಗೆಲ್ಲ ಅಂಟಿಕೊಂಡಿತು. ಕಿಟಕಿ ಇದ್ದವರು ರೂಮು ಮಾಡಿದರು, ಅಂಗಳ ಇದ್ದವರು ಕಾರು ನಿಲ್ಲಿಸಿಕೊಂಡರು, ಎರಡೂ ಇಲ್ಲದವರು ತಿರುವಿನಲ್ಲಿ ನಿಂತು ದುರ್ಬೀನು ಬಾಡಿಗೆಗೆ ಕೊಟ್ಟರು. ಸೊಸೆಯ ಗಂಡ ಡೈರಿಯ ವ್ಯಾನು ಓಡಿಸುತ್ತಿದ್ದ. ಹಸುಗಳ ಜಾಗ ಹೋಟೆಲಿನ ಪಾರ್ಕಿಂಗ್ ಆದ ಮೇಲೆ ವ್ಯಾನೂ ಇಲ್ಲ, ಹಾಲೂ ಇಲ್ಲ. ಹೋದ ವರ್ಷ ಅವನು ಮನೆಯ ಮೇಲೆ ಮೂರನೆಯ ಅಂತಸ್ತು ಎಬ್ಬಿಸಿ, ಗಾಜಿನ ಬಾಗಿಲಿನ ಎರಡು ರೂಮು ಮಾಡಿದ. ಈಗ ಐದು ಜನರ ಹೊಟ್ಟೆ ಆ ಎರಡು ಬಾಗಿಲುಗಳ ಮೇಲೆ ನಿಂತಿತ್ತು.

ಇಳಿಜಾರಿನಲ್ಲಿ ಒಂದರ ಹೆಗಲ ಮೇಲೊಂದು ಕೂತ ಹದಿನೇಳು ಮನೆಗಳ ಬೀದಿ ಅದು. ಎಲ್ಲವುಗಳ ಮುಖ ನೀರಿಗೆ, ಬೆನ್ನು ಗುಡ್ಡಕ್ಕೆ. ಅರ್ಧಕ್ಕರ್ಧ ಮನೆಗಳ ಬೆನ್ನಿನ ಗೋಡೆ ಕಟ್ಟಿದ್ದು ಸೊಸೆಯ ಮಾವ. ಬೀದಿಗೆಲ್ಲ ಅವರು ಮೇಸ್ತ್ರಿ. ಕೆಳಗೆ ದಡದಲ್ಲಿ ಏಳಂತಸ್ತಿನ ಹೊಸ ಹೋಟೆಲು ಏಳುತ್ತಿತ್ತು. ಅದರ ಪಾಯಕ್ಕೆ ಕಬ್ಬಿಣದ ಕಂಬ ಹೊಡೆಯುವ ಯಂತ್ರ ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ದಢ್, ದಢ್ ಎನ್ನುತ್ತಿತ್ತು. ಪ್ರತಿ ಏಟಿಗೂ ಶೆಲ್ಫಿನ ಲೋಟಗಳು ಒಂದಕ್ಕೊಂದು ಏನೋ ಪಿಸುಗುಟ್ಟುತ್ತಿದ್ದವು.

ಸೀಸನ್ನು ಶುರುವಾದ ಮೊದಲ ಸೋಮವಾರ ಸೊಸೆ ಅಡುಗೆಮನೆಯ ಅಕ್ಕಿ ಡ್ರಮ್ಮು ಸರಿಸಿ ಗುಡಿಸುತ್ತಿದ್ದಳು. ಹಿಂದಿನ ಗೋಡೆಗೆ ಉದ್ದನೆಯ ಕೂದಲೊಂದು ಅಂಟಿತ್ತು. ಒದ್ದೆ ಬಟ್ಟೆಯಿಂದ ಒರೆಸಿದಳು. ಹೋಗಲಿಲ್ಲ. ಉಗುರು ಹಾಕಿದಳು. ಉಗುರು ಒಳಗೆ ಹೋಯಿತು.

"ಮಾವ, ಸ್ವಲ್ಪ ಬನ್ನಿ ಇಲ್ಲಿ."

ಕಣ್ಣಿಗೆ ಪೊರೆ ಬಂದ ಮೇಲೆ ಮೇಸ್ತ್ರಿ ಗೋಡೆಗಳನ್ನು ಹೆಬ್ಬೆರಳಿನಿಂದ ಓದುತ್ತಿದ್ದರು. ಕಿಟಕಿಯ ಮೂಲೆಯಿಂದ ನೆಲದವರೆಗೆ ಒಮ್ಮೆ ಓದಿದರು, ನೆಲದಿಂದ ಕಿಟಕಿಗೆ ಇನ್ನೊಮ್ಮೆ.

"ಬಿರುಕು ಬಿಟ್ಟಿರೋದು ಬರೀ ಗಾರೆನಾ, ಇಲ್ಲ ಗೋಡೆನೇನಾ?" ಎಂದಳು ಸೊಸೆ.

"ಅದನ್ನ ಗೋಡೆನೇ ಹೇಳ್ಬೇಕಮ್ಮ. ನಾವು ಕೇಳೋ ರೀತಿಲಿ ಕೇಳ್ಬೇಕು."

ಹಳೆಯ ಫೋಟೋ ಫ್ರೇಮಿನ ಗಾಜನ್ನು ಅಂಗಡಿಯಲ್ಲಿ ಬೆರಳುದ್ದಕ್ಕೆ ಕತ್ತರಿಸಿಕೊಂಡು ಬಂದರು. ಹನ್ನೆರಡು ಪಟ್ಟಿ. ಒಂದನ್ನು ಬಿರುಕಿನ ಮೇಲೆ ಅಡ್ಡ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಮೆತ್ತಿ, ಕೆಳಗೆ ಪೆನ್ಸಿಲಿನಿಂದ ತಾರೀಕು ಬರೆದರು. ಉಳಿದ ಹನ್ನೊಂದನ್ನು ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಶೆಲ್ಫಿನ ಮೇಲಿಟ್ಟರು.

"ಗೋಡೆ ನಿಂತಲ್ಲೇ ನಿಂತಿದ್ರೆ ಗಾಜು ಹಾಗೇ ಇರುತ್ತೆ. ಕೂದಲೆಳೆಯಷ್ಟು ಜರುಗಿದ್ರೂ ಟಣ್ ಅಂತ ಒಡೆಯುತ್ತೆ. ಒಡೆದ ದಿನ ಮೇಲಿನ ರೂಮು ಖಾಲಿ ಮಾಡಿಸ್ಬೇಕು. ಕೆಳಗಡೆ ನಾವೂ ಖಾಲಿ ಮಾಡ್ಬೇಕು."

ಅವತ್ತು ಊಟಕ್ಕೆ ಕೂತಾಗ ಗಂಡ ತಟ್ಟೆ ಮುಟ್ಟುವ ಮೊದಲೇ ಬಾಯಿ ತೆರೆದ.

"ಅಪ್ಪ, ಯಾವ ಮನೇಲಿ ಬಿರುಕಿಲ್ಲ ಹೇಳು? ಬಂದವರು ಅಡುಗೆಮನೆಗೆ ಇಣುಕಿ ಆ ಗಾಜು ನೋಡಿದ್ರೆ ಏನಂದ್ಕೊಳ್ತಾರೆ? ಗೋಡೆಗೆ ಬ್ಯಾಂಡೇಜಾ ಅಂತಾರೆ."

"ಅನ್ನಲಿ. ಗಾಯ ಇದೆಯಲ್ಲ."

"ಸೀಸನ್ ಇನ್ನೂ ಎಂಟು ವಾರ. ಶನಿವಾರ ಭಾನುವಾರ ಎಲ್ಲ ಭರ್ತಿ."

"ಭರ್ತಿ ಆಗಿರೋದೇ ನನ್ನ ಭಯ. ಎರಡಕ್ಕೆ ಹಾಕಿದ ಪಾಯದ ಮೇಲೆ ಮೂರು ಹೊರಿಸಿದೀಯ, ಸಾಹುಕಾರ."

"ಹೊರಿಸೋವಾಗ ಕರಣೆ ಹಿಡ್ಕೊಂಡಿದ್ದು ಯಾರಪ್ಪ? ನಾನಾ?"

ಮೇಸ್ತ್ರಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ಬೇಡ ಬೇಡ ಎನ್ನುತ್ತಲೇ ಮಗನಿಗಾಗಿ ಮೂರನೆಯ ಅಂತಸ್ತಿನ ಮೊದಲ ಇಟ್ಟಿಗೆ ಇಟ್ಟದ್ದು ಅವರೇ.

"ಊಟದ ಹೊತ್ತಲ್ಲಿ ಪಾಯ ತೋಡ್ಬೇಡಿ," ಎಂದು ಅತ್ತೆ ಇಬ್ಬರಿಗೂ ಬೇಳೆ ಬಡಿಸಿದರು. "ಆರೋಗುತ್ತೆ."

ಹನ್ನೊಂದು ವರ್ಷದ ಮೊಮ್ಮಗಳು ಚೂಟಿ ಕೆನ್ನೆ ಉಬ್ಬಿಸಿ ಯಂತ್ರದ ಹಾಗೆ "ದಢ್" ಎಂದಳು. ಅಪ್ಪ ಬೆಚ್ಚಿಬಿದ್ದ. ಎಲ್ಲರೂ ನಕ್ಕರು. ಅಣಕು ತಾಯಿಯಿಂದಲೇ ಬಂದ ಆಸ್ತಿ. ಮಗಳು ಬಡ್ಡಿ ಸೇರಿಸಿ ವಾಪಸು ಕೊಡುತ್ತಿದ್ದಳು.

ಎರಡನೆಯ ವಾರದ ಗುರುವಾರ ಸೊಸೆ ಎಲ್ಲರಿಗಿಂತ ಮೊದಲು ಎದ್ದು ಚಹಾಕ್ಕೆ ನೀರಿಟ್ಟಳು. ಅಭ್ಯಾಸದಂತೆ ಡ್ರಮ್ಮಿನ ಹಿಂದೆ ಇಣುಕಿದಳು. ಗಾಜು ಎರಡು ತುಂಡಾಗಿತ್ತು.

ಕೂಗಬೇಕೆಂದು ಬಾಯಿ ತೆರೆದಳು. ಮೂರು ಗಂಟಲಿನವಳಿಗೆ ಒಂದರಿಂದಲೂ ಸದ್ದು ಹೊರಡಲಿಲ್ಲ. ಕೂಗಿದರೆ ಮಾವ ರೂಮು ಮುಚ್ಚಿಸುತ್ತಾರೆ. ಗಂಡ ಅಪ್ಪನ ಮೇಲೆ ಎಗರುತ್ತಾನೆ. ಅತ್ತೆಗೆ ರಕ್ತದೊತ್ತಡ ಏರುತ್ತದೆ. ಭಾನುವಾರದವರೆಗೆ ಎರಡೂ ರೂಮಿಗೆ ಜನ ಬಂದಾಗಿದೆ. ಸೋಮವಾರ ಹೇಳೋಣ. ಸೋಮವಾರದವರೆಗೆ ಅಷ್ಟೇ.

ಚಹಾದ ಕಪ್ಪಿನಲ್ಲಿ ಪ್ಲಾಸ್ಟರ್ ಕಲೆಸಿದಳು. ಹಳೆಯದನ್ನು ಕೆರೆದು, ಡಬ್ಬದಿಂದ ಹೊಸ ಪಟ್ಟಿ ತೆಗೆದು ಹಚ್ಚಿ, ಹಿಟ್ಟು ಸವರುವ ಹಾಗೆ ಬೆರಳಿನಿಂದ ಸವರಿ ನುಣುಪು ಮಾಡಿದಳು. ಪೆನ್ಸಿಲಿನ ತಾರೀಕನ್ನು ಮುಟ್ಟಲಿಲ್ಲ. ಆ ಬೆಳಗ್ಗೆ ಇಳಿದು ಬಂದ ಗಂಡ ಚಹಾ ಕುಡಿದು, "ಯಾಕೋ ಸುಣ್ಣದ ವಾಸನೆ?" ಎಂದ.

"ಹಾಲು ಸರಿಯಿಲ್ಲ. ನಿಮ್ಮ ಡೈರಿ ಹೋದ ಮೇಲೆ ಒಳ್ಳೆ ಹಾಲು ಎಲ್ಲಿದೆ?" ಎಂದಳು. ಅವನಿಗೆ ಖುಷಿಯಾಯಿತು.

ಸೋಮವಾರ ಬಂತು. ಗಾಜು ನೆಟ್ಟಗಿತ್ತು. ಗೋಡೆ ಒಮ್ಮೆ ಸರಿದು, ಸರಿಯಾಗಿ ಕೂತಿರಬೇಕು; ಮನುಷ್ಯರೂ ಕುರ್ಚಿಯಲ್ಲಿ ಹಾಗೆ ತಾನೇ ಕೂರುವುದು. ಹೀಗೆಂದು ತನಗೆ ತಾನೇ ಹೇಳಿಕೊಂಡಳು. ಮ್ಯಾನೇಜರ್ ದನಿಯಲ್ಲಿ ಹೇಳಿಕೊಂಡಾಗ ಹೆಚ್ಚು ನಂಬಿಕೆ ಬಂತು.

ಮೂರನೆಯ ವಾರ, ಮಧ್ಯಾಹ್ನ, ಬೀದಿಯ ಕೆಳತಿರುವಿನ ತಡೆಗೋಡೆ ಬೇಕರಿಯವನ ಸೌದೆ ಶೆಡ್ಡಿನ ಮೇಲೆ ಕುಸಿಯಿತು. ಬೇಕರಿಯವನು ಆಗಷ್ಟೇ ಊಟಕ್ಕೆ ಒಳಗೆ ಹೋಗಿದ್ದನಂತೆ. "ಬೆಳಗ್ಗೆ ಸಾರಿಗೆ ಉಪ್ಪು ಕಮ್ಮಿ ಅಂತ ಕೂಗಿದ್ದೆ, ಅದಕ್ಕೇ ಈಗ ರುಚಿ ನೋಡು ಬಾ ಅಂತ ಹೆಂಡ್ತಿ ಒಳಗೆ ಕರೆದ್ಲು, ಉಪ್ಪಿನಿಂದ ಉಳ್ಕೊಂಡೆ," ಎಂದು ಸಿಕ್ಕವರಿಗೆಲ್ಲ ಹೇಳಿದ. ಎರಡು ದಿನದಲ್ಲಿ ಕಲ್ಲುಗಳನ್ನು ಬದಿಗೆ ತಳ್ಳಿ, ಗುಡ್ಡದ ಹಸಿಗಾಯ ಬಂದವರಿಗೆ ಕಾಣದಿರಲೆಂದು ದೊಡ್ಡ ಬ್ಯಾನರು ಕಟ್ಟಿದರು. ಬ್ಯಾನರಿನ ಮೇಲೆ ಅದೇ ಗುಡ್ಡದ ಚಿತ್ರ, ಹಸಿರಾಗಿ, ಇಡಿಯಾಗಿ. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಮೇಸ್ತ್ರಿ ಹೋಗಿ ನೋಡಿಕೊಂಡು ಬಂದರು. ಊಟ ಬೇಡವೆಂದರು.

"ಆ ಗೋಡೆ ಕಟ್ಟಿದ್ದು ಯಾರು ಮಾವ?"

"ಇಪ್ಪತ್ತೆರಡು ವರ್ಷ ಆಯ್ತು," ಎಂದರು ಮೇಸ್ತ್ರಿ. ಸೊಸೆ ಕೇಳಿದ್ದು ವರ್ಷವನ್ನಲ್ಲ.

ಬೀದಿಯವರು ಗಲಾಟೆ ಮಾಡಿದ ಮೇಲೆ ನಾಲ್ಕನೆಯ ವಾರ ಪುರಸಭೆಯ ಎಂಜಿನಿಯರು ಬಂದ. ಚಿಕ್ಕ ವಯಸ್ಸು, ಹೊಳೆಯುವ ಬೂಟು, ಕಂಕುಳಲ್ಲಿ ರಟ್ಟಿನ ಫೈಲು. ಮನೆಮನೆಗೆ ಹೊಕ್ಕು ಕೊನೆಗೆ ಇವರ ಅಡುಗೆಮನೆಗೆ ಬಂದು ಡ್ರಮ್ಮಿನ ಹಿಂದೆ ಬಗ್ಗಿದ. ಗಾಜು ಕಂಡು ಮುಖ ಅರಳಿತು.

"ಓಹೋ! ಇದನ್ನ ಹಾಕಿದ್ದು ಯಾರು? ಈಗಿನವರಿಗೆ ಈ ಉಪಾಯನೇ ಗೊತ್ತಿಲ್ಲ."

"ನಾನೇ," ಎಂದರು ಮೇಸ್ತ್ರಿ.

"ತಾರೀಕು ಕೂಡ ಬರೆದಿದೀರಿ. ತಿಂಗಳಾಗ್ತಾ ಬಂತು. ಗಾಜು ಒಡೆದಿಲ್ಲ ಅಂದ್ಮೇಲೆ ಗೋಡೆ ಅಲುಗಾಡಿಲ್ಲ. ಅಲ್ವಾ?"

ಅಡುಗೆಮನೆಯಲ್ಲಿ ಆಗ ಮನೆಯ ನಾಲ್ವರು ದೊಡ್ಡವರೂ ಇದ್ದರು. ಸೊಸೆ ಒಲೆಯ ಕಡೆ ನೋಡಿದಳು. ಗಂಡ ಬೂಟು ನೋಡಿದ. ಅತ್ತೆ ಇಲ್ಲದ ಧೂಳು ಒರೆಸಿದರು. ಮೇಸ್ತ್ರಿ ಕಿಟಕಿಯಾಚೆ ನೋಡುತ್ತ ಹೇಳಿದರು: "ಗಾಜು ಹಾಗೇ ಇದೆ, ನೋಡ್ತಾ ಇದೀರಲ್ಲ."

"ಸದ್ಯಕ್ಕೆ ಆತಂಕವೇನಿಲ್ಲ ಅಂತ ಬರ್ಕೋತೀನಿ. ನಿಮ್ಮ ಮನೆನೇ ಹೀಗಿದೆ ಅಂದ್ರೆ ಬೀದಿಗೂ ಅದೇ ಲೆಕ್ಕ."

ತಪ್ಪು ಗಾಜಿನ ಮೇಲೆ ನಿಂತ ಆ ಸರಿಯಾದ ಮಾತು ಫೈಲಿನೊಳಗೆ ಹೋಯಿತು. ಅವನು ಹೋದ ಮೇಲೆ ಸೊಸೆ ಸುಮ್ಮನಿರಲಾರದೆ ಅವನ ಹಾಗೆ ಕತ್ತು ಮುಂದೆ ಚಾಚಿ, "ಆತಂಕವೇನಿಲ್ಲ ಅಂತ ಬರ್ಕೋತೀನಿ," ಎಂದಳು. ತದ್ರೂಪು ಬಂದಿತ್ತು. ಯಾರೂ ನಗಲಿಲ್ಲ. ತನ್ನ ಸುಳ್ಳಿಗಾಗಿ ತಾನು ನಗುತ್ತಿಲ್ಲ, ಸರಿ. ಇವರೆಲ್ಲ ಯಾಕೆ ನಗುತ್ತಿಲ್ಲ?

ಐದನೆಯ ವಾರ ಮನೆ ತನ್ನ ಕಡೆಯಿಂದ ಮಾತಾಡಲು ಶುರುಮಾಡಿತು. ಮೇಲಿನ ಬಚ್ಚಲಿನ ಬಾಗಿಲು ಚಿಲಕಕ್ಕೆ ಸಿಗದಾಯಿತು. ಗಂಡ ಅದರ ಅಂಚನ್ನು ಉಜ್ಜುತ್ತ "ಮರ ಉಬ್ಬಿದೆ," ಎಂದ. ಮಾರನೆಯ ದಿನ ಮತ್ತೆ ಉಬ್ಬಿತು. ಚೂಟಿಯ ಚೆಂಡು ಎಲ್ಲಿ ಬಿಟ್ಟರೂ ಉರುಳಿಕೊಂಡು ಹಿಂದಿನ ಗೋಡೆಗೆ ಹೋಗಿ ಕೂರುತ್ತಿತ್ತು. ಬಾಣಲೆಯಲ್ಲಿ ಎಣ್ಣೆ ಒಂದೇ ಬದಿಗೆ ಸೇರಿ, ಮೊಟ್ಟೆ ಅರ್ಧ ಸೀದು ಅರ್ಧ ಹಸಿ ಉಳಿಯುತ್ತಿತ್ತು.

"ಬಾಣಲೆ ಡೊಂಕಾಗಿದೆ, ಹೊಸದು ತಗೋ," ಎಂದ ಗಂಡ.

ಹೊಸದು ಬಂತು. ಅದರಲ್ಲೂ ಎಣ್ಣೆ ಅದೇ ಬದಿಗೆ ಹೋಯಿತು.

ಅತ್ತೆ ತಮ್ಮ ಮಂಚವನ್ನು ಹಿಂದಿನ ಕೋಣೆಯಿಂದ ಹಜಾರಕ್ಕೆ ಎಳೆಸಿಕೊಂಡರು. "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ." ಮೇಸ್ತ್ರಿ ಬಾಗಿಲ ಬಳಿಯ ಕುರ್ಚಿಯಲ್ಲೇ ಮಲಗುವುದನ್ನು ರೂಢಿ ಮಾಡಿಕೊಂಡರು. "ಬೆನ್ನಿಗೆ ಹಿತ." ಗಂಡ ಚೂಟಿಯ ಪುಸ್ತಕದ ಮೇಜನ್ನು ಮುಂದಿನ ಕಿಟಕಿಗೆ ಸಾಗಿಸಿದ. "ಬೆಳಕಿದೆ." ಸೊಸೆ ಆಲೂಗಡ್ಡೆಯನ್ನೂ ಚಾಕುವನ್ನೂ ತೆಗೆದುಕೊಂಡು ಹೊಸ್ತಿಲ ಮೇಲೆ ಕೂತು ಹೆಚ್ಚತೊಡಗಿದಳು. "ಸೆಕೆ." ಐದು ಜನ ನಾಲ್ಕು ನೆಪ ಹಿಡಿದು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಮನೆಯ ಮುಂಭಾಗಕ್ಕೆ ಬಂದು ಸೇರಿದ್ದರು. ಹಿಂಭಾಗದಲ್ಲಿ ಉಳಿದದ್ದು ಅಕ್ಕಿ ಮತ್ತು ಗಾಜು. ಮೇಲೆ ಮಾತ್ರ, ದುಡ್ಡು ಕೊಟ್ಟು ಬಂದವರು ಬಾಲ್ಕನಿಯಲ್ಲಿ ಕಾಲು ಚಾಚಿ ನೀರು ನೋಡುತ್ತಿದ್ದರು.

ಆರನೆಯ ವಾರದ ಭಾನುವಾರ. ಯಂತ್ರಕ್ಕೆ ರಜೆ. ಸೊಸೆ ಶೆಲ್ಫು ಒರೆಸುತ್ತ ಬಿಸ್ಕತ್ತಿನ ಡಬ್ಬ ಎತ್ತಿದಳು. ಹಗುರವೆನಿಸಿತು. ಮುಚ್ಚಳ ತೆಗೆದಳು.

ಹನ್ನೆರಡರಲ್ಲಿ ಮಾವ ಹಚ್ಚಿದ್ದು ಒಂದು. ತಾನು ಹಚ್ಚಿದ್ದು ಒಂದು. ಹತ್ತು ಇರಬೇಕು. ನೆಲದ ಮೇಲೆ ಹರಡಿ ಎಣಿಸಿದಳು. ಆರು. ಬೆರಳಿಟ್ಟು ಮತ್ತೆ ಎಣಿಸಿದಳು. ಆರು.

ಇನ್ನು ನಾಲ್ಕು ಎಲ್ಲಿ?

ಡ್ರಮ್ಮು ಸರಿಸಿ ಗಾಜಿನ ಎದುರು ಕುಕ್ಕರಗಾಲಿನಲ್ಲಿ ಕೂತಳು. ಪಟ್ಟಿ ಇಡಿಯಾಗಿತ್ತು. ಅದರ ಅಂಚಿನ ಪ್ಲಾಸ್ಟರಿನಲ್ಲಿ ದಪ್ಪ ಹೆಬ್ಬೆರಳಿನ ಗುರುತು ಒತ್ತಿತ್ತು. ಅವಳ ಬೆರಳಲ್ಲ. ಅಂದು ಕೂದಲಿನಂತಿದ್ದ ಬಿರುಕಿನೊಳಗೆ ಈಗ ಪೆನ್ಸಿಲು ಹೋಗುತ್ತಿತ್ತು. ತಲೆಯ ಮೇಲೆ, ಎರಡಂತಸ್ತಿನಾಚೆ, ಧಪಧಪ ಸದ್ದಾಯಿತು. ಅವಳಿ ಮಕ್ಕಳ ಜೊತೆ ಬಂದ ದಂಪತಿ ನಿನ್ನೆಯಿಂದ ಎರಡೂ ರೂಮು ಹಿಡಿದಿದ್ದರು. ಮಕ್ಕಳು ಮಂಚದಿಂದ ನೆಲಕ್ಕೆ ಜಿಗಿಯುವ ಆಟ ಆಡುತ್ತಿದ್ದವು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಹಜಾರದಲ್ಲಿ ಕೂತರು. ಸೊಸೆ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡಿದ್ದಳು; ಹೇಗೆ ತೆಗೆಯಬೇಕು, ಯಾರನ್ನು ಮೊದಲು ಕೇಳಬೇಕು, ತಿಳಿಯಲಿಲ್ಲ. ಧಪ್ ಎಂದಾಗಲೆಲ್ಲ ನಾಲ್ಕು ತುತ್ತುಗಳು ಒಟ್ಟಿಗೇ ನಿಲ್ಲುತ್ತಿದ್ದವು.

"ಯಾಕೆ ಎಲ್ಲ ಗುಮ್ಮನ ಹಾಗೆ ಕೂತಿದೀರಿ?" ಎಂದ ಗಂಡ. "ಚೂಟಿ, ಏನಾದ್ರೂ ಒಂದು ಅಣಕು ಮಾಡು. ಹೊಸದು."

ಚೂಟಿ ಅಂಗೈ ಒರೆಸಿಕೊಂಡು ಎದ್ದು ನಿಂತಳು. "ಯಾರಂತ ಹೇಳ್ಬೇಕು. ಸರೀನಾ?"

ಮೊದಲು ಸೊಂಟಕ್ಕೆ ಟವೆಲು ಸಿಕ್ಕಿಸಿದಂತೆ ನಟಿಸಿದಳು. ಬಾಗಿಲ ಕಡೆ ಒಮ್ಮೆ, ಮೆಟ್ಟಿಲ ಕಡೆ ಒಮ್ಮೆ ನೋಡಿ, ಇಲ್ಲದ ಕಪ್ಪಿನಲ್ಲಿ ಏನೋ ಕಲೆಸಿ, ಗೋಡೆಗೆ ಬೆರಳು ಸವರುತ್ತ ಪಿಸುಗುಟ್ಟಿದಳು: "ಸೋಮವಾರದವರೆಗೆ ಅಷ್ಟೇ, ಸೋಮವಾರದವರೆಗೆ ಅಷ್ಟೇ."

ಸೊಸೆಯ ಮಡಿಲಲ್ಲಿ ಡಬ್ಬ ಗಲಗುಟ್ಟಿತು.

"ಗೊತ್ತಾಗ್ಲಿಲ್ವಾ? ಸುಲಭ ಇತ್ತು. ಈಗ ಇನ್ನೊಬ್ಬರು." ಮೊಬೈಲು ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಂತೆ ಮಾಡಿ, ಜಾರುವ ಪ್ಯಾಂಟು ಮೇಲೆಳೆದುಕೊಂಡಳು. ಗೋಡೆಗೆ ಹೆಬ್ಬೆರಳು ಒತ್ತಿ, ಗಾಜು ಚುಚ್ಚಿ, ಬೆರಳು ಬಾಯಿಗಿಟ್ಟು ಹಲ್ಲಿನ ಸಂದಿಯಿಂದ ಬೈದಳು. "ಇದು ಎರಡು ಸಲ."

ಆಮೇಲೆ ಮೊಣಕಾಲು ಹಿಡಿದುಕೊಂಡು "ಅಯ್ಯಮ್ಮಾ" ಎನ್ನುತ್ತ ಕೂತಳು. ಪ್ಲಾಸ್ಟರು ಮೆತ್ತಿ, "ಈ ಅಪ್ಪ ಮಗನ ಜಗಳ ನೋಡೋಕ್ಕಿಂತ ಇದೇ ವಾಸಿ," ಎಂದಳು. ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದರು.

ಕೊನೆಗೆ ಚೂಟಿ ಕಣ್ಣು ಅರ್ಧ ಮುಚ್ಚಿ, ಹೆಬ್ಬೆರಳನ್ನು ಗಾಳಿಯಲ್ಲಿ ಮೇಲಿನಿಂದ ಕೆಳಗೆ ಎಳೆದಳು. ಎರಡೇ ಏಟಿಗೆ ಕೆಲಸ ಮುಗಿಸಿದಂತೆ ಕೈ ಝಾಡಿಸಿ, ಹಜಾರದ ಗೋಡೆಗೆ ಹಣೆ ಆನಿಸಿ ನಿಂತುಬಿಟ್ಟಳು. ತುಂಬ ಹೊತ್ತು ನಿಂತಳು.

"ಅಜ್ಜ ಬೇಗ ಮಾಡ್ತಾರೆ," ಎಂದು ಗೋಡೆಯ ಕಡೆಯಿಂದಲೇ ಹೇಳಿದಳು. "ಆದ್ರೆ ಆಮೇಲೆ ಇಷ್ಟು ಹೊತ್ತು ಹೀಗೇ ನಿಂತಿರ್ತಾರೆ."

ತಿರುಗಿ ನೋಡಿದರೆ ನಗುವವರು ಯಾರೂ ಇರಲಿಲ್ಲ. ಅವಳ ಮುಖ ಚಿಕ್ಕದಾಯಿತು.

"ಪಾತ್ರೆ ತೊಳೆಯೋ ಹಾಗೆ ಸರದಿ ಹಾಕ್ಕೊಂಡಿದೀರ ಅಂದ್ಕೊಂಡಿದ್ದೆ. ನನ್ನ ಸರದಿ ಯಾವಾಗ ಅಂತ ಕೇಳೋಣ ಅಂತಿದ್ದೆ."

ಸೊಸೆ ಡಬ್ಬವನ್ನು ತಟ್ಟೆಗಳ ನಡುವೆ ಇಟ್ಟು ಮುಚ್ಚಳ ತೆಗೆದಳು. "ಐದು ಸಲ ಒಡೆದಿದೆ," ಎಂದಳು. "ನಾನು ಒಂದೇ ಸಲ ಅಂದ್ಕೊಂಡಿದ್ದೆ."

"ನಾನು ಎರಡೇ ಅಂದ್ಕೊಂಡಿದ್ದೆ," ಎಂದ ಗಂಡ. ಅವನ ದನಿ ಕೆಳಗಿತ್ತು.

"ಒಂದ್ಸಲಕ್ಕೆ ಏನಾಗುತ್ತೆ ಅಂತ ನಾನೂ…" ಎಂದರು ಅತ್ತೆ.

ಎಲ್ಲರೂ ಮೇಸ್ತ್ರಿಯ ಕಡೆ ತಿರುಗಿದರು. ಅವರು ತಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು.

"ನಂಗೆ ಎಲ್ಲ ಗೊತ್ತಿತ್ತು," ಎಂದರು. "ಸೊಸೆ ಹಚ್ಚಿದ್ದು ಹಿಟ್ಟು ಸವರಿದ ಹಾಗಿತ್ತು. ಇವನು ಹಚ್ಚಿದ್ದು ಟೈರಿಗೆ ತೇಪೆ ಹಾಕಿದ ಹಾಗೆ. ಇವಳದ್ದು ಎರಡೂ ಕಡೆ ಉದುರ್ತಾ ಇತ್ತು. ನಲವತ್ತೈದು ವರ್ಷ ಗಾರೆ ಕಲೆಸಿದವನು ನಾನು. ಬೆರಳಿಟ್ಟ ತಕ್ಷಣ ಗೊತ್ತಾಗ್ತಿತ್ತು. ಪ್ರತಿ ಸಲನೂ."

"ಗೊತ್ತಿದ್ದೂ ಸುಮ್ನಿದ್ಯಾ ಅಪ್ಪ?" ಗಂಡ ಎದ್ದು ನಿಂತ. "ಆ ಎಂಜಿನಿಯರ್ ಮುಂದೆ…"

"ನೀನೂ ಅಲ್ಲೇ ಇದ್ಯಲ್ಲ."

"ನಾನು ರೂಮಿಗೋಸ್ಕರ ಸುಮ್ನಿದ್ದೆ. ನೀನು ಯಾತಕ್ಕೆ?"

ಮೇಸ್ತ್ರಿ ತಲೆ ಎತ್ತಿದರು. ಪೊರೆ ಬಂದ ಕಣ್ಣಿನಲ್ಲಿ ನೀರಿತ್ತೋ, ಬೆಳಕಿತ್ತೋ, ಸೊಸೆಗೆ ತಿಳಿಯಲಿಲ್ಲ.

"ಬೇಕರಿ ಹತ್ರದ್ದು ಬಿತ್ತಲ್ಲ, ಅದೂ ನಂದೇ. ಕೆಳಗೆ ಹೋಟೆಲಿನವರು ಬುಡ ಅಗೆದ್ರು, ನಿಜ. ಯಂತ್ರ ಬಡೀತು, ನಿಜ. ಆದ್ರೆ ಎಂಟು ಮನೆ ಬೆನ್ನಿಗೆ ಇದೇ ಕೈಯಲ್ಲಿ, ಇದೇ ಅಳತೆಗೆ ಕಟ್ಟಿದೀನಿ. ನಮ್ಮ ಗೋಡೆ ಹೋಗ್ತಾ ಇದೆ ಅಂತ ಒಪ್ಕೊಂಡ್ರೆ ಎಂಟೂ ಮನೆಗೆ ಹೋಗಿ ಹೇಳ್ಬೇಕಾಗಿತ್ತು. ಏನಂತ ಹೇಳ್ಲಿ? ನಂಬಿ ಮಲ್ಕೊಂಡಿದ್ರಲ್ಲ, ಎದ್ದೇಳಿ ಅಂತಲಾ?"

ಮೇಲೆ ಮಕ್ಕಳು ಜಿಗಿದವು. ಧಪ್.

"ಇವತ್ತು ಖಾಲಿ ಮಾಡ್ಸೋಣ," ಎಂದಳು ಸೊಸೆ.

"ನಾಳೆ ಬೆಳಗ್ಗೆ ಅವರೇ ಹೋಗ್ತಾರೆ," ಎಂದ ಗಂಡ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಒಂದು ರಾತ್ರಿ. ಈಗ ಕಳ್ಸಿದ್ರೆ ಊರೆಲ್ಲ ಹರಡುತ್ತೆ. ಆಮೇಲೆ ಯಾರು ಬರ್ತಾರೆ? ಮತ್ತೆ ಏನು ಓಡಿಸ್ಲಿ ನಾನು? ವ್ಯಾನಾ? ಎಲ್ಲಿದೆ ವ್ಯಾನು? ನಾಳೆ ಬೆಳಗ್ಗೆವರೆಗೆ ಅಷ್ಟೇ…"

ಅವನ ಬಾಯಲ್ಲಿ ಬಂದದ್ದು ಸೊಸೆಯದೇ ಮಾತು. ಜಗತ್ತಿನಲ್ಲಿ ಅವಳಿಗೆ ಕೇಳಬೇಡವೆನಿಸಿದ ಅಣಕು ಅದೊಂದೇ.

ಆಗ ಅಡುಗೆಮನೆಯಿಂದ ಒಂದು ಸದ್ದು ಬಂತು. ದೊಡ್ಡದಲ್ಲ. ತಟ್ಟೆಗೆ ಚಮಚ ತಾಗಿದಷ್ಟು.

ಟಣ್.

ಯಂತ್ರಕ್ಕೆ ರಜೆಯಿತ್ತು. ದೂರಲು ಯಾರೂ ಇರಲಿಲ್ಲ. ಐದೂ ಜನ ಒಟ್ಟಿಗೆ ಕೇಳಿದ್ದರು, ಇದೇ ಮೊದಲ ಸಲ. ಡಬ್ಬ ನಡುವೆ ಬಾಯಿ ತೆರೆದು ಕೂತಿತ್ತು. ಒಬ್ಬರೂ ಅದರತ್ತ ಕೈ ಚಾಚಲಿಲ್ಲ.

ಗಂಡ ಒಂದು ಕ್ಷಣ ನಿಂತ. ಆಮೇಲೆ ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಓಡಿದ. "ಸಾರ್! ಮಕ್ಕಳನ್ನ ಎತ್ಕೊಳ್ಳಿ! ಸಾಮಾನು ಇರ್ಲಿ ಸಾರ್, ಸಾಮಾನು ನಾನು ತರ್ತೀನಿ!" ಎಂಬ ಅವನ ದನಿ ಎರಡಂತಸ್ತು ಇಳಿದು ಬಂತು. ಸೊಸೆ ಗ್ಯಾಸ್ ಆರಿಸಿದಳು. ಅತ್ತೆ ಔಷಧಿಯ ಡಬ್ಬಿಯನ್ನು ಮರೆತು ಸೌಟನ್ನು ಹಿಡಿದುಕೊಂಡು ಹೊರಟರು. ಚೂಟಿ ಚೆಂಡನ್ನು ತರುತ್ತೇನೆಂದು ಒಳಗೆ ಓಡಲು ನೋಡಿದಾಗ ಸೊಸೆ ಅವಳ ತೋಳು ಹಿಡಿದು ಎಳೆದದ್ದು ಎಷ್ಟು ಜೋರಾಗಿತ್ತೆಂದರೆ, ನಾಲ್ಕು ಬೆರಳ ಗುರುತು ಸಂಜೆಯವರೆಗೂ ಹೋಗಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಅವರೆಲ್ಲ ಎದುರು ಸಾಲಿನ ಮೆಟ್ಟಿಲ ಮೇಲೆ, ಸುತ್ತಿದ ಹಾಸಿಗೆಗಳ ನಡುವೆ ಕೂತಿದ್ದರು. ದಂಪತಿಯನ್ನೂ ಅವಳಿಗಳನ್ನೂ ಕಾರು ಹತ್ತಿಸಿ ಕಳಿಸಿಯಾಗಿತ್ತು. ಎದುರಿಗೆ ಮನೆ ಎಂದಿನಂತೆ ನಿಂತಿತ್ತು. ಬಾಲ್ಕನಿಯ ಗಾಜಿನ ಬಾಗಿಲಿನಲ್ಲಿ ಸರೋವರ ಥಳಥಳ ಹೊಳೆಯುತ್ತಿತ್ತು. ಬಣ್ಣ ಕೂಡ ಮಾಸಿರಲಿಲ್ಲ.

"ಬೀಳದೇ ಹೋದ್ರೆ?" ಎಂದ ಗಂಡ ಮೆಲ್ಲಗೆ.

"ನಗ್ತಾರೆ," ಎಂದರು ಅತ್ತೆ. "ನಗಲಿ ಬಿಡು."

ಪಕ್ಕದ ಮನೆಯ ದರ್ಜಿ ಬಾಗಿಲಿಗೆ ಬಂದು ಹಾಸಿಗೆಗಳನ್ನು ನೋಡಿದ, ಮನೆಯನ್ನು ನೋಡಿದ, ಕೊನೆಗೆ ಮೇಸ್ತ್ರಿಯನ್ನು ನೋಡಿದ. ಕುತ್ತಿಗೆಯಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು.

"ಮೇಸ್ತ್ರಿ, ನಮ್ಮ ಹಿಂದಿನ ಗೋಡೆನೂ ನೀವೇ ಕಟ್ಟಿದ್ದಲ್ವಾ?"

ಮೇಸ್ತ್ರಿ ಎದ್ದರು. "ಹೌದಪ್ಪ. ನಾನೇ," ಎಂದರು. ಡಬ್ಬವನ್ನು ಎತ್ತಿಕೊಂಡು, ಕಿವಿಯ ಹಿಂದಿನ ಪೆನ್ಸಿಲನ್ನು ಮುಟ್ಟಿ ನೋಡಿಕೊಂಡು, ಚೂಟಿಯ ಹೆಗಲು ಹಿಡಿದು ಬೀದಿ ದಾಟಿದರು. ಡಬ್ಬದಲ್ಲಿ ಆರು ಪಟ್ಟಿಗಳು ಗಲಗಲ ಎಂದವು. ಎಂಟು ಮನೆಗೆ ಆರು.

"ಅಜ್ಜ, ಇವರ ಮನೇಲೂ ಸರದಿನಾ?" ಎಂದು ಚೂಟಿ ಕೇಳುವುದು ಕೇಳಿಸಿತು.

"ಇಲ್ಲ ಮಗ. ಒಂದೇ ಸಲ ಹಚ್ಚೋದು."

ಸೊಸೆಯ ಫೋನು ಹೊಡೆದುಕೊಂಡಿತು. ಅವಳು ಗಂಡನ ಮುಖ ನೋಡಿದಳು. ಅವನು ಎತ್ತು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಬಲಗಿವಿಗೆ ಇಟ್ಟುಕೊಂಡಳು. ಮುಂದಿನ ಶನಿವಾರಕ್ಕೆ ಎರಡೂ ರೂಮು ಬೇಕಂತೆ, ಎಷ್ಟಾದರೂ ಸರಿಯಂತೆ, ಆದರೆ ಬೆಳಗ್ಗೆ ಕಣ್ಣು ಬಿಟ್ಟರೆ ನೀರು ಕಾಣಬೇಕಂತೆ.

ಜೇನಿನ ದನಿಗಾಗಿ ಗಂಟಲು ಸರಿಮಾಡಿಕೊಂಡಳು. ಬರಲಿಲ್ಲ. ಮೂಗಿನ ದನಿಯೂ ಬರಲಿಲ್ಲ. ಗಡಸಿನದು ಎಲ್ಲಿ ಹೋಯಿತೋ.

"ಬರ್ಬೇಡಿ," ಎಂದಳು. "ಗೋಡೆ ಬಿರುಕು ಬಿಟ್ಟಿದೆ. ಮನೆ ಜರುಗ್ತಾ ಇದೆ."

"ಹಲೋ? ನೀವು ಯಾರು ಮಾತಾಡ್ತಿರೋದು? ಮ್ಯಾನೇಜರ್ ಇದ್ರೆ ಕೊಡಿ."

"ಮ್ಯಾನೇಜರ್ ಇಲ್ಲ," ಎಂದಳು ಅವಳು. "ನಾನು ಈ ಮನೆ ಸೊಸೆ."